ಕಡಿಮೆ ಖರ್ಚಿನ ಐವಿಎಫ್ ಎಲ್ಲಿ? ಮ್ಯಾಂಚೆಸ್ಟರ್‌ನಿಂದ ಬೆಂಗಳೂರಿನವರೆಗೆ ಒಂದು ಲೆಕ್ಕ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ. ಮಾತಾಡಿದವರ ಕೋರಿಕೆಯಂತೆ ಹೆಸರು ಪ್ರಕಟಿಸಿಲ್ಲ.)

ನಾನು ತಿಪಟೂರಿನವನು. ಈಗ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದೀನಿ. ಮಗು ಬೇಕು ಅಂತ ನಾನು, ನನ್ನ ಹೆಂಡತಿ ಇಬ್ಬರೂ ಟ್ರೀಟ್‌ಮೆಂಟ್ ತಗೊಳ್ತಾ ಇದ್ದೀವಿ. ಇನ್ನೂ ಮಗು ಆಗಿಲ್ಲ. ಹಾಗಾಗಿ ಕೊನೆಯಲ್ಲಿ ಸಿಹಿ ಸುದ್ದಿ ಇರುತ್ತೆ ಅಂತ ಕಾಯಬೇಡಿ, ಮೊದಲೇ ಹೇಳಿಬಿಡ್ತೀನಿ.

ಇಲ್ಲಿ ಮಾತಾಡೋಕೆ ಕರೆದಾಗ ಮನೆಯಲ್ಲಿ ಕೇಳಿದೆ. ಅವಳು ಒಂದೇ ಷರತ್ತು ಹಾಕಿದಳು: "ನನ್ನ ನೋವು ಹೇಗಿತ್ತು ಅಂತ ನೀನು ಹೇಳೋಕೆ ಹೋಗ್ಬೇಡ. ಬೇಕಾದ್ರೆ ಯಾವತ್ತಾದ್ರೂ ನಾನೇ ಹೇಳ್ತೀನಿ. ನೀನು ದುಡ್ಡಿನ ಲೆಕ್ಕ ಹೇಳು, ಅದನ್ನ ಯಾರೂ ಸರಿಯಾಗಿ ಹೇಳಲ್ಲ." ಅದಕ್ಕೇ ಇವತ್ತು ನಾನು ಹೇಳೋದು ಹೆಚ್ಚಿನಂಶ ಲೆಕ್ಕ. ಒಂದು ಪೌಂಡಿಗೆ 115 ರೂಪಾಯಿ ಅಂತ ಇಟ್ಕೊಳ್ಳಿ.

ನಾವು ಇಲ್ಲಿಗೆ ಬಂದಿದ್ದು 2024ರ ಏಪ್ರಿಲ್‌ನಲ್ಲಿ. ಆಗ ಅವಳಿಗೆ 34, ನನಗೆ 36. ಮದುವೆಯಾಗಿ ಮೂರು ವರ್ಷ ಆಗಿತ್ತು, ಮಗುವಿಗೆ ಪ್ರಯತ್ನಪಡೋಕೆ ಶುರುಮಾಡಿ ಎರಡು ವರ್ಷ. ಇಲ್ಲಿ ನಮ್ಮ ಏರಿಯಾದ ಜಿಪಿ, ಅಂದ್ರೆ ಮೊದಲು ನೋಡೋ ಡಾಕ್ಟರ್, ಇಬ್ಬರಿಗೂ ಪರೀಕ್ಷೆ ಬರೆದುಕೊಟ್ಟರು. ಅವಳಿಗೆ ರಕ್ತ ಪರೀಕ್ಷೆ, ಸ್ಕ್ಯಾನ್. ನನಗೆ ವೀರ್ಯ ಪರೀಕ್ಷೆ. ಅವಳ ರಿಪೋರ್ಟ್ ಚೆನ್ನಾಗಿತ್ತು. ನನ್ನದರಲ್ಲಿ ವೀರ್ಯಾಣುಗಳ ಸಂಖ್ಯೆ ತುಂಬಾ ಕಡಿಮೆ. ವೀರ್ಯಾಣು ತಯಾರಾಗೋಕೆ ಎರಡೂವರೆ, ಮೂರು ತಿಂಗಳು ಹಿಡಿಯುತ್ತೆ. ಅದಕ್ಕೇ ಒಂದು ರಿಪೋರ್ಟ್ ನೋಡಿ ತೀರ್ಮಾನ ಮಾಡಲ್ಲ. ಮೂರು ತಿಂಗಳು ಬಿಟ್ಟು ಮತ್ತೆ ಮಾಡಿಸಿದ್ರು. ಎರಡನೇ ಸಲವೂ ಅದೇ.

ಗಂಡಸರು ಯಾರಾದ್ರೂ ಕೇಳಿಸಿಕೊಳ್ತಿದ್ರೆ, ದಯವಿಟ್ಟು ಮೊದಲು ನಿಮ್ಮ ಪರೀಕ್ಷೆ ಮಾಡಿಸಿ. ಇಡೀ ಪ್ರಕ್ರಿಯೆಯಲ್ಲಿ ಅತಿ ಕಡಿಮೆ ಖರ್ಚಿನ, ನೋವೇ ಇಲ್ಲದ ಪರೀಕ್ಷೆ ಅದು. ಆದ್ರೂ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅದು ಕಟ್ಟಕಡೆಗೆ ಆಗೋದು.

ಊರಲ್ಲಿ ಅಮ್ಮ ಅಷ್ಟರಲ್ಲಿ ಸೊಸೆ ಹೆಸರಲ್ಲಿ ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಾಗಿತ್ತು. ಫೋನ್ ಮಾಡಿ ಹೇಳಿದೆ, "ಅಮ್ಮ, ರಿಪೋರ್ಟಲ್ಲಿ ಕಮ್ಮಿ ಇರೋದು ನನ್ನದು." ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ಅವಳಿಗೆ ಗೊತ್ತೇನೋ?" ಅಂದ್ರು. ಗೊತ್ತು ಅಂದೆ. "ಹಂಗಾದ್ರೆ ಘಾಟಿಗೆ ನೀನೇ ಹೋಗಿ ಬಾ" ಅಂದ್ರು. ಅವತ್ತಿನಿಂದ ಅವಳನ್ನ ಕೇಳೋದು ನಿಲ್ಲಿಸಿದ್ರು.

ನಮಗೆ ಡಾಕ್ಟರ್ ಹೇಳಿದ್ದು ಇಕ್ಸಿ. ಐವಿಎಫ್‌ನಲ್ಲೇ ಅದೊಂದು ವಿಧಾನ. ಮಾಮೂಲಿ ಐವಿಎಫ್‌ನಲ್ಲಿ ಅಂಡಾಣು, ವೀರ್ಯಾಣು ಎರಡನ್ನೂ ಒಂದು ತಟ್ಟೆಯಲ್ಲಿ ಒಟ್ಟಿಗೆ ಬಿಡ್ತಾರೆ. ಇಕ್ಸಿಯಲ್ಲಿ ಒಂದೇ ಒಂದು ವೀರ್ಯಾಣುವನ್ನ ಆರಿಸಿ, ಸೂಜಿಯಿಂದ ಅಂಡಾಣುವಿನ ಒಳಗೇ ಇಡ್ತಾರೆ. ಸಂಖ್ಯೆ ಕಡಿಮೆ ಇರೋರಿಗೆ ಇದೇ ದಾರಿ.

ಸರಿ, ಎಲ್ಲಿ ಮಾಡಿಸೋದು? ನಾವಿರೋ ಮ್ಯಾಂಚೆಸ್ಟರ್ ಪಕ್ಕದಲ್ಲೇ ಓಲ್ಡಮ್ ಅಂತ ಊರಿದೆ. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದ್ದು ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ, 1978ರ ಜುಲೈ 25ರಂದು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತಾದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯ ಅವರ ಪ್ರಯತ್ನದಿಂದ ಭಾರತದ ಮೊದಲ ಪ್ರನಾಳ ಶಿಶು ಹುಟ್ಟಿತು. ಅಂದ್ರೆ ನಾವಿರೋ ದೇಶ, ನಮ್ಮ ದೇಶ, ಎರಡಕ್ಕೂ ಈ ವಿದ್ಯೆ ಹೊಸದಲ್ಲ. ನಮಗೆ ಎಟುಕುತ್ತಾ ಅನ್ನೋದೇ ಪ್ರಶ್ನೆ.

ಬ್ರಿಟನ್‌ಗೆ ಕೆಲಸದ ವೀಸಾದಲ್ಲಿ ಬರೋರು ಮೊದಲೇ ಆರೋಗ್ಯ ಸರ್‌ಚಾರ್ಜ್ ಕಟ್ಟಬೇಕು. 2024ರ ಫೆಬ್ರವರಿ 6ರಿಂದ ಅದು ದೊಡ್ಡವರಿಗೆ ತಲಾ ವರ್ಷಕ್ಕೆ 1,035 ಪೌಂಡ್. ನಮ್ಮದು ಮೂರು ವರ್ಷದ ವೀಸಾ, ಇಬ್ಬರಿಗೆ 6,210 ಪೌಂಡ್. ಏಳು ಲಕ್ಷ ರೂಪಾಯಿಗೂ ಜಾಸ್ತಿ, ವಿಮಾನ ಹತ್ತೋ ಮುಂಚೆನೇ ಕೊಟ್ಟಿದ್ದು. ಇದನ್ನ ಕಟ್ಟಿದ್ರೆ ಎನ್‌ಎಚ್‌ಎಸ್, ಅಂದ್ರೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ನಮಗೂ ಸಿಗುತ್ತೆ. ಕೈ ಮುರಿದ್ರೆ ಸಿಗುತ್ತೆ, ಕ್ಯಾನ್ಸರ್ ಬಂದ್ರೆ ಸಿಗುತ್ತೆ, ಬಸುರಿಯಾದ ಮೇಲೆ ಹೆರಿಗೆವರೆಗೆ ಎಲ್ಲವೂ ಸಿಗುತ್ತೆ. ಆದ್ರೆ ಬಸುರಿಯಾಗೋಕೆ ಬೇಕಾದ ಐವಿಎಫ್ ಮಾತ್ರ ಇಲ್ಲ. ಇಂಗ್ಲೆಂಡಿನಲ್ಲಿ 2017ರ ಆಗಸ್ಟ್ 21ರಿಂದ ಸರ್‌ಚಾರ್ಜ್ ಕಟ್ಟಿ ಇರೋರಿಗೆ ಅದನ್ನ ಉಚಿತ ಸೇವೆಯಿಂದ ತೆಗೆದುಹಾಕಿದ್ದಾರೆ.

ಇಲ್ಲಿನ ಖಾಯಂ ನಿವಾಸಿಗಳ ಕಥೆ ಬೇರೆ. 2013ರ ನೈಸ್ ಮಾರ್ಗಸೂಚಿ ಪ್ರಕಾರ 40ರೊಳಗಿನ ಮಹಿಳೆಗೆ ಮೂರು ಪೂರ್ತಿ ಸೈಕಲ್, 40ರಿಂದ 42ರವರಿಗೆ ಒಂದು. ಅದು ಶಿಫಾರಸು ಅಷ್ಟೇ. ಎಷ್ಟು ಸೈಕಲ್‌ಗೆ ದುಡ್ಡು ಕೊಡಬೇಕು ಅನ್ನೋದನ್ನ ಆಯಾ ಪ್ರದೇಶದ ಆರೋಗ್ಯ ಮಂಡಳಿ ತೀರ್ಮಾನ ಮಾಡುತ್ತೆ. ಪಿನ್‌ಕೋಡ್ ಬದಲಾದ್ರೆ ಅದೃಷ್ಟವೂ ಬದಲಾಗುತ್ತೆ.

ಹಾಗಾಗಿ ನಮ್ಮ ಮುಂದೆ ಮೂರು ದಾರಿ ಇತ್ತು.

ಮೊದಲನೇದು, ಕಾಯೋದು. ನಾವು ಬಂದಾಗಿದ್ದ ನಿಯಮದ ಪ್ರಕಾರ ಐದು ವರ್ಷ ಆದ ಮೇಲೆ ಖಾಯಂ ವಾಸಕ್ಕೆ ಅರ್ಜಿ ಹಾಕಬಹುದು. ಸಿಕ್ಕರೆ ಸರ್‌ಚಾರ್ಜ್ ಇಲ್ಲ, ಎನ್‌ಎಚ್‌ಎಸ್ ಐವಿಎಫ್‌ಗೂ ಅರ್ಹರು. ಕೇಳೋಕೆ ಚೆನ್ನಾಗಿದೆ. ಆದ್ರೆ ಐದು ವರ್ಷ ಅಂದ್ರೆ 2029, ಆಗ ಅವಳಿಗೆ 39. ಅರ್ಜಿ, ಕ್ಯೂ ಎಲ್ಲ ಸೇರಿದ್ರೆ 40. ಅದರ ಮೇಲೆ 2025ರ ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರ ಹೊರಡಿಸಿದ ಶ್ವೇತಪತ್ರದಲ್ಲಿ ಐದನ್ನ ಹತ್ತು ವರ್ಷ ಮಾಡೋ ಪ್ರಸ್ತಾಪ ಬಂತು.

ವಯಸ್ಸು ಯಾಕೆ ಇಷ್ಟು ಮುಖ್ಯ? ಬ್ರಿಟನ್‌ನಲ್ಲಿ ಐವಿಎಫ್ ಕ್ಲಿನಿಕ್‌ಗಳಿಗೆಲ್ಲ ಎಚ್‌ಎಫ್‌ಇಎ ಅಂತ ಒಂದು ನಿಯಂತ್ರಣ ಸಂಸ್ಥೆ ಇದೆ. ಅವರು ಪ್ರಕಟಿಸೋ ಅಂಕಿಅಂಶ ನೋಡಿದ್ರೆ, 35ರೊಳಗಿನ ಮಹಿಳೆಯರಲ್ಲಿ ಗರ್ಭಕೋಶಕ್ಕೆ ಸೇರಿಸಿದ ಪ್ರತಿ ಮೂರು ಭ್ರೂಣದಲ್ಲಿ ಸುಮಾರು ಒಂದು ಮಗುವಾಗಿ ಹುಟ್ಟುತ್ತೆ. 40 ದಾಟಿದ ಮೇಲೆ ಅದು ಹತ್ತರಲ್ಲಿ ಸುಮಾರು ಒಂದಕ್ಕೆ ಇಳಿಯುತ್ತೆ. ಉಚಿತವಾಗಿ ಸಿಗಲಿ ಅಂತ ಐದು ವರ್ಷ ಕಾಯೋದು ಕಾಗದದ ಮೇಲೆ ಸೊನ್ನೆ ಖರ್ಚು. ನಿಜವಾಗಿ ನೋಡಿದ್ರೆ ಅದೇ ಅತಿ ದುಬಾರಿ ದಾರಿ.

ಎರಡನೇದು, ಮ್ಯಾಂಚೆಸ್ಟರ್‌ನಲ್ಲೇ ಖಾಸಗಿಯಾಗಿ ಮಾಡಿಸೋದು. ಒಂದು ಕ್ಲಿನಿಕ್‌ನಲ್ಲಿ ಕೊಟೇಶನ್ ತಗೊಂಡ್ವಿ. ಸೈಕಲ್‌ಗೆ 4,300 ಪೌಂಡ್, ಇಕ್ಸಿಗೆ 1,300, ಇಂಜೆಕ್ಷನ್ ಮತ್ತು ಔಷಧಿಗೆ 1,500, ರಕ್ತ ಪರೀಕ್ಷೆ, ಭ್ರೂಣ ಫ್ರೀಜ್ ಮಾಡೋದಕ್ಕೆ 900. ಒಟ್ಟು 8,000 ಪೌಂಡ್, ಅಂದ್ರೆ 9 ಲಕ್ಷದ 20 ಸಾವಿರ ರೂಪಾಯಿ.

ಮೂರನೇದು, ಬೆಂಗಳೂರು. ಅಲ್ಲೊಂದು ಕ್ಲಿನಿಕ್‌ನ ಜಾಹೀರಾತಲ್ಲಿ 1 ಲಕ್ಷದ 40 ಸಾವಿರ ರೂಪಾಯಿ ಪ್ಯಾಕೇಜ್ ಅಂತಿತ್ತು. 9.2 ಲಕ್ಷ ಎಲ್ಲಿ, 1.4 ಲಕ್ಷ ಎಲ್ಲಿ! ಯಾರಿಗಾದ್ರೂ ಆಸೆ ಆಗುತ್ತೆ. ಆದ್ರೆ ನಾವು ಟಿಕೆಟ್ ಬುಕ್ ಮಾಡೋ ಮುಂಚೆ ಆ ಕ್ಲಿನಿಕ್‌ಗೆ ಮೇಲ್ ಮಾಡಿ, ಪ್ಯಾಕೇಜಲ್ಲಿ ಏನೇನು ಇಲ್ಲ ಅಂತ ಬರೆದುಕೊಡಿ ಅಂತ ಕೇಳಿದ್ವಿ. ಏನೇನು ಇದೆ ಅಂತ ಕೇಳಿದ್ರೆ ಎಲ್ಲರೂ ಹೇಳ್ತಾರೆ. ಏನು ಇಲ್ಲ ಅಂತ ಕೇಳಬೇಕು.

ಬಂದ ಉತ್ತರ ಹೀಗಿತ್ತು. ಇಂಜೆಕ್ಷನ್ ಬೇರೆ, ಸುಮಾರು 75 ಸಾವಿರ. ಇಕ್ಸಿ ಬೇರೆ, 25 ಸಾವಿರ. ಭ್ರೂಣ ಫ್ರೀಜ್ ಮಾಡಿ ಒಂದು ವರ್ಷ ಇಡೋಕೆ 30 ಸಾವಿರ. ಫ್ರೀಜ್ ಮಾಡಿದ ಭ್ರೂಣವನ್ನ ಗರ್ಭಕೋಶಕ್ಕೆ ಸೇರಿಸೋಕೆ 45 ಸಾವಿರ. ಪರೀಕ್ಷೆಗಳಿಗೆ 20 ಸಾವಿರ. ಒಟ್ಟು 3 ಲಕ್ಷದ 35 ಸಾವಿರ.

ಅದಕ್ಕೆ ನಮ್ಮ ಕಡೆಯ ಖರ್ಚು ಸೇರಿಸಿ. ಇಬ್ಬರ ವಿಮಾನ ಟಿಕೆಟ್ 1,450 ಪೌಂಡ್, ಅಂದ್ರೆ 1 ಲಕ್ಷದ 67 ಸಾವಿರ. ಅವಳು ಬೆಂಗಳೂರಲ್ಲಿ ಎಂಟು ವಾರ ಇರಬೇಕಿತ್ತು. ನಾಲ್ಕು ವಾರ ಸಂಬಳದ ರಜೆ, ಇನ್ನು ನಾಲ್ಕು ವಾರ ಸಂಬಳ ಇಲ್ಲ. ಫರ್ಟಿಲಿಟಿ ಟ್ರೀಟ್‌ಮೆಂಟ್‌ಗೆ ಅಂತಲೇ ರಜೆ ಕೊಡಬೇಕು ಅನ್ನೋ ಕಾನೂನು ಬ್ರಿಟನ್‌ನಲ್ಲಿ ಇಲ್ಲ. ಅಲ್ಲಿ ಹೋದ ಸಂಬಳ 2,000 ಪೌಂಡ್, 2 ಲಕ್ಷದ 30 ಸಾವಿರ. ಆಟೋ, ಕ್ಯಾಬ್ 15 ಸಾವಿರ. ಉಳಿದುಕೊಳ್ಳೋಕೆ ವಿಜಯನಗರದಲ್ಲಿ ನಮ್ಮಕ್ಕನ ಮನೆ, ಬಾಡಿಗೆ ಇಲ್ಲ.

ಎಲ್ಲ ಕೂಡಿಸಿದ್ರೆ ಸುಮಾರು 7 ಲಕ್ಷದ 47 ಸಾವಿರ. ಮ್ಯಾಂಚೆಸ್ಟರ್‌ಗಿಂತ ಕಡಿಮೆ ಹೌದು. ಆದ್ರೆ ಜಾಹೀರಾತು ನೋಡಿದಾಗ ಕಂಡ ವ್ಯತ್ಯಾಸ ಎಂಟು ಲಕ್ಷದ್ದು, ಕೊನೆಗೆ ಕೈಗೆ ಉಳಿದದ್ದು ಒಂದೂಮುಕ್ಕಾಲು ಲಕ್ಷ. ಅಕ್ಕನ ಮನೆ ಇಲ್ಲದೆ ಎಂಟು ವಾರ ಸರ್ವೀಸ್ ಅಪಾರ್ಟ್‌ಮೆಂಟ್ ಹಿಡಿದಿದ್ರೆ ಅದೂ ಕರಗ್ತಿತ್ತು. ಇದೆಲ್ಲವನ್ನೂ ಹೊರಡೋ ಮುಂಚೆ ಒಂದು ಹಾಳೆಯಲ್ಲಿ ಬರೆದಿಟ್ಟೇ ನಾವು ಬೆಂಗಳೂರು ಆರಿಸಿಕೊಂಡಿದ್ದು. ದುಡ್ಡಿನ ಜೊತೆಗೆ ಇನ್ನೊಂದು ಕಾರಣ ಇತ್ತು. ದಿನಾ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಳ್ಳೋವಾಗ ಪಕ್ಕದಲ್ಲಿ ಕನ್ನಡ ಮಾತಾಡೋ ಒಬ್ಬರು ಬೇಕು ಅಂತ ಅವಳು ಹೇಳಿದ್ದಳು.

ಎಂಟು ವಾರ ಯಾಕೆ ಅಂತ ಕೇಳಬಹುದು. ಅಂಡಾಣುಗಳು ಬೆಳೆಯೋಕೆ ಹತ್ತು ಹನ್ನೆರಡು ದಿನ ಇಂಜೆಕ್ಷನ್, ಮಧ್ಯೆ ಮಧ್ಯೆ ಸ್ಕ್ಯಾನ್. ಆಮೇಲೆ ಅರಿವಳಿಕೆ ಕೊಟ್ಟು ಅಂಡಾಣು ತೆಗೀತಾರೆ. ಲ್ಯಾಬ್‌ನಲ್ಲಿ ಭ್ರೂಣ ಐದು ದಿನ ಬೆಳೆಯುತ್ತೆ. ಅವಳಿಗೆ ಹಾರ್ಮೋನ್ ಮಟ್ಟ ಏರಿತ್ತು. ಅಂಥ ಸಮಯದಲ್ಲೇ ಭ್ರೂಣ ಸೇರಿಸಿದ್ರೆ ಅಂಡಾಶಯ ಊದಿಕೊಂಡು ಹೊಟ್ಟೆಯಲ್ಲಿ ನೀರು ತುಂಬೋ ಅಪಾಯ ಹೆಚ್ಚು. ಅದಕ್ಕೆ ಎಲ್ಲ ಭ್ರೂಣ ಫ್ರೀಜ್ ಮಾಡಿ, ಮುಂದಿನ ಮುಟ್ಟಿನ ನಂತರ ಸೇರಿಸೋಣ ಅಂದ್ರು ಡಾಕ್ಟರ್. ಹೀಗೆ ಆಗಬಹುದು ಅಂತ ಮೊದಲೇ ಎಣಿಸಿ ರಜೆ ಹಾಕಬೇಕು. ಮೂರು ವಾರದ ರಜೆಯಲ್ಲಿ ಬಂದು ಎಲ್ಲ ಮುಗಿಸ್ಕೊಂಡು ಹೋಗ್ತೀನಿ ಅಂದ್ರೆ ಕಷ್ಟ. ಹಾಗಂತ ಬಂಧುಗಳು ಹೇಳೋ ಹಾಗೆ "ವರ್ಷ ಪೂರ್ತಿ ಇಲ್ಲೇ ಇದ್ದುಬಿಡು" ಅಂತನೂ ಆಗಲ್ಲ. ಖಾಯಂ ವಾಸದ ಅರ್ಜಿಗೆ ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಜಾಸ್ತಿ ಬ್ರಿಟನ್‌ನಿಂದ ಹೊರಗಿರಬಾರದು.

ಭಾರತದ ಕಾನೂನನ್ನೂ ತಿಳ್ಕೊಂಡೇ ಹೋಗಿ. 2021ರ ಎಆರ್‌ಟಿ ಕಾಯ್ದೆ ಪ್ರಕಾರ ಪ್ರತಿ ಐವಿಎಫ್ ಕ್ಲಿನಿಕ್ ನೋಂದಣಿ ಆಗಿರಲೇಬೇಕು. ನೋಂದಣಿ ಪತ್ರ ತೋರಿಸಿ ಅಂತ ಕೇಳೋದಕ್ಕೆ ನಾಚಿಕೆ ಬೇಡ. ಈ ಚಿಕಿತ್ಸೆಗೆ ಮಹಿಳೆಗೆ 50, ಪುರುಷನಿಗೆ 55 ವರ್ಷದ ಮಿತಿ ಇದೆ. ಗಂಡೋ ಹೆಣ್ಣೋ ಆರಿಸಿಕೊಳ್ಳೋದು ಅಪರಾಧ. ಇನ್ನೊಂದು ಮಾತು ಬಂಧುಬಳಗದಲ್ಲಿ ಕೇಳ್ತೀರಿ: "ಎರಡು ಭ್ರೂಣ ಹಾಕಿಸ್ಬಿಡಿ, ಅವಳಿ ಆದ್ರೆ ಒಂದೇ ಖರ್ಚಲ್ಲಿ ಎರಡು." ಅವಳಿ ಅಂದ್ರೆ ತಿಂಗಳು ತುಂಬೋ ಮುಂಚೆ ಹೆರಿಗೆ, ಕಡಿಮೆ ತೂಕದ ಮಕ್ಕಳು, ತಾಯಿಗೆ ಬಿಪಿ, ಈ ಎಲ್ಲ ಅಪಾಯ ಹೆಚ್ಚು. ನಮ್ಮ ಡಾಕ್ಟರ್ ಒಂದೇ ಅಂದ್ರು, ನಾವೂ ಒಂದೇ ಅಂದ್ವಿ.

ನಾನು ಅಂಡಾಣು ತೆಗೆಯೋ ಸಮಯಕ್ಕೆ ಎರಡು ವಾರ ಹೋಗಿ, ಸ್ಯಾಂಪಲ್ ಕೊಟ್ಟು, ಬೇಕಾದ ಒಪ್ಪಿಗೆ ಪತ್ರಗಳಿಗೆಲ್ಲ ಸಹಿ ಹಾಕಿ ವಾಪಸ್ ಬಂದೆ. ಒಂಬತ್ತು ಅಂಡಾಣು ಸಿಕ್ಕವು. ಆರು ಫಲಿತ ಆದವು. ಐದನೇ ದಿನಕ್ಕೆ ಉಳಿದಿದ್ದು ಮೂರು ಭ್ರೂಣ. ಇದು ಕೆಟ್ಟ ಲೆಕ್ಕ ಅಲ್ಲ, ಹೀಗೇ ಸೋಸಿ ಸೋಸಿ ಕಡಿಮೆ ಆಗೋದು. ಒಂದನ್ನ ಸೇರಿಸೋ ದಿನ ಅಕ್ಕ ಅವಳ ಜೊತೆ ಹೋದಳು. ಅಲ್ಲಿ ಬೆಳಿಗ್ಗೆ ಹತ್ತು ಗಂಟೆ, ಇಲ್ಲಿ ಐದೂವರೆ. ಫೋನ್ ಹಿಡ್ಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. "ಆಯ್ತು ಕಣೋ, ನೀನು ಕಾಫಿ ಕುಡಿ" ಅಂತ ಅಕ್ಕನ ಮೆಸೇಜ್ ಬಂತು.

ಹನ್ನೊಂದು ದಿನ ಬಿಟ್ಟು ರಕ್ತ ಪರೀಕ್ಷೆ. ನೆಗೆಟಿವ್. ಇದರ ಬಗ್ಗೆ ಇನ್ನೂ ಜಾಸ್ತಿ ನಾನು ಹೇಳಲ್ಲ, ಮೊದಲೇ ಹೇಳಿದ ಷರತ್ತು ಇದೆ. ನಾಲ್ಕು ದಿನ ಆದ ಮೇಲೆ ಅವಳು ಒಬ್ಬಳೇ ಮ್ಯಾಂಚೆಸ್ಟರ್‌ಗೆ ವಾಪಸ್ ಬಂದಳು. ಸೋಮವಾರ ಕೆಲಸಕ್ಕೆ ಹೋದಳು.

ಈಗ ಎರಡು ಭ್ರೂಣ ಬೆಂಗಳೂರಲ್ಲಿವೆ, ನಾವು ಇಲ್ಲಿದ್ದೀವಿ. ವಿದೇಶದಿಂದ ಬಂದು ಟ್ರೀಟ್‌ಮೆಂಟ್ ಮಾಡಿಸಿಕೊಳ್ಳೋರು ಗಮನಿಸಬೇಕಾದ ಅಸಲಿ ಲೆಕ್ಕ ಇಲ್ಲೇ ಶುರುವಾಗೋದು. ಎರಡನೇ ಪ್ರಯತ್ನಕ್ಕೆ ಬೆಂಗಳೂರಲ್ಲಿ ಕ್ಲಿನಿಕ್ ಖರ್ಚು ಔಷಧಿ ಸೇರಿ 60 ಸಾವಿರ ಅಷ್ಟೇ. ಆದ್ರೆ ಟಿಕೆಟ್ 700 ಪೌಂಡ್, 80 ಸಾವಿರ. ಮೂರು ವಾರ ಸಂಬಳ ಇಲ್ಲದ ರಜೆ ಆದ್ರೆ 1 ಲಕ್ಷದ 72 ಸಾವಿರ. ಒಟ್ಟು 3 ಲಕ್ಷ ದಾಟಿತು. ಅದೇ ಮ್ಯಾಂಚೆಸ್ಟರ್‌ನಲ್ಲಿ ಮಾಡಿಸಿ ಭ್ರೂಣ ಇಲ್ಲೇ ಇದ್ದಿದ್ರೆ, ಎರಡನೇ ಪ್ರಯತ್ನಕ್ಕೆ 2,000 ಪೌಂಡ್, 2 ಲಕ್ಷದ 30 ಸಾವಿರ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರಬಹುದು. ಅಂದ್ರೆ ಮೊದಲ ಸಲಕ್ಕೆ ಅಗ್ಗ ಇದ್ದ ಜಾಗ ಎರಡನೇ ಸಲಕ್ಕೆ ದುಬಾರಿ ಆಗಬಹುದು.

"ಭ್ರೂಣ ಇಲ್ಲಿಗೆ ತರಿಸ್ಕೊಳ್ಳಿ" ಅಂತ ಸ್ನೇಹಿತರು ಹೇಳಿದ್ರು. ಅದು ಪಾರ್ಸಲ್ ಕಳಿಸಿದಷ್ಟು ಸುಲಭ ಅಲ್ಲ. ಎಆರ್‌ಟಿ ಕಾಯ್ದೆ ಪ್ರಕಾರ ಸ್ವಂತ ಭ್ರೂಣವನ್ನ ಸ್ವಂತ ಬಳಕೆಗೆ ದೇಶದಿಂದ ಹೊರಗೆ ಒಯ್ಯೋಕೂ ರಾಷ್ಟ್ರೀಯ ಮಂಡಳಿಯ ಅನುಮತಿ ಬೇಕು. ಇಲ್ಲಿ ತರಿಸಿಕೊಳ್ಳೋ ಕ್ಲಿನಿಕ್ ಎಚ್‌ಎಫ್‌ಇಎ ನಿಯಮ ಪಾಲಿಸಬೇಕು. ಜೊತೆಗೆ ದ್ರವ ಸಾರಜನಕದ ಡಬ್ಬಿಯಲ್ಲಿ ಸಾಗಿಸೋ ಖರ್ಚು. ನಮಗೆ ಅದು ಬೇಡ ಅನ್ನಿಸಿತು.

ನಾವು ಮಾಡಿದ್ದು ಇಷ್ಟು. ಅವಳ ಕಂಪನಿಯಲ್ಲಿ ರಜೆಯ ವರ್ಷ ಜನವರಿಗೆ ಶುರು. ಬರೋ ಜನವರಿ ಮಧ್ಯದಲ್ಲಿ, ಹೊಸ ವರ್ಷದ ಸಂಬಳದ ರಜೆಯಲ್ಲೇ ಮೂರು ವಾರ ಹೋಗೋದು. ಗರ್ಭಕೋಶ ತಯಾರು ಮಾಡೋ ಮಾತ್ರೆ ಇಲ್ಲಿಂದಲೇ ಶುರು, ವಿಡಿಯೋ ಕಾಲ್‌ನಲ್ಲಿ ಬೆಂಗಳೂರಿನ ಡಾಕ್ಟರ್ ಹೇಳ್ತಾರೆ. ಹಾಗೆ ಮಾಡಿದ್ರೆ ಖರ್ಚು 1 ಲಕ್ಷದ 40 ಸಾವಿರಕ್ಕೆ ಇಳಿಯುತ್ತೆ. ಕ್ಲಿನಿಕ್‌ನಲ್ಲಿ ಚೌಕಾಸಿ ಮಾಡಿ ಹತ್ತು ಸಾವಿರ ಉಳಿಸೋದಕ್ಕಿಂತ ರಜೆಯ ಕ್ಯಾಲೆಂಡರ್ ನೋಡಿ ಉಳಿಸಿದ್ದು ಜಾಸ್ತಿ.

ಬೇರೆ ದೇಶದಲ್ಲಿರೋರು ಈ ಲೆಕ್ಕವನ್ನ ಹಾಗೇ ಎತ್ತಿಕೊಳ್ಳಬೇಡಿ. ಜರ್ಮನಿಯಲ್ಲಿ ಸರ್ಕಾರಿ ಆರೋಗ್ಯ ವಿಮೆ ಇರೋ ವಿವಾಹಿತ ದಂಪತಿಗೆ ಮೂರು ಸೈಕಲ್‌ವರೆಗೆ ಅರ್ಧ ಖರ್ಚು ವಿಮೆಯೇ ಕೊಡುತ್ತೆ. ಹೆಂಡತಿಗೆ 25ರಿಂದ 40, ಗಂಡನಿಗೆ 25ರಿಂದ 50ರೊಳಗೆ ವಯಸ್ಸಿರಬೇಕು, ಶುರು ಮಾಡೋ ಮುಂಚೆನೇ ಒಪ್ಪಿಗೆ ತಗೋಬೇಕು. ಅಲ್ಲಿರೋರು ಬೆಂಗಳೂರಿಗೆ ಓಡಿ ಬರೋ ಅಗತ್ಯವೇ ಇಲ್ಲದಿರಬಹುದು. ಅಮೆರಿಕದಲ್ಲಿ ರಾಜ್ಯ ಮತ್ತು ಕಂಪನಿಯ ಇನ್ಶೂರೆನ್ಸ್ ಮೇಲೆ ಹೋಗುತ್ತೆ. ಮೊದಲು ನೀವಿರೋ ಕಡೆ ನಿಮ್ಮ ವೀಸಾಗೆ, ನಿಮ್ಮ ವಿಮೆಗೆ ಏನು ಸಿಗುತ್ತೆ ಅಂತ ಬರಹದಲ್ಲಿ ಕೇಳಿ ತಿಳ್ಕೊಳ್ಳಿ.

ಒಂದು ಸೈಕಲ್‌ನ ದರ ನೋಡಿ ಕ್ಲಿನಿಕ್ ಆರಿಸಬೇಡಿ. ಮೊದಲ ಸಲ ಆಗಲಿಲ್ಲ ಅಂದ್ರೆ ಎರಡನೇ, ಮೂರನೇ ಸಲಕ್ಕೆ ಎಷ್ಟು ಬೀಳುತ್ತೆ ಅಂತ ನೋಡಿ. ಆ ಲೆಕ್ಕದಲ್ಲಿ ರಜೆ, ಟಿಕೆಟ್, ಉಳಿಯೋ ಜಾಗ, ಹೆಂಡತಿಯ ವಯಸ್ಸು ನಾಲ್ಕೂ ಇರಬೇಕು. ಪ್ಯಾಕೇಜ್ ಜೊತೆ ಮಾರೋ ಹೆಚ್ಚುವರಿ ಟೆಸ್ಟು, ಟ್ರೀಟ್‌ಮೆಂಟ್‌ಗಳಿಗೆ ಹೂಂ ಅನ್ನೋ ಮುಂಚೆ ಎಚ್‌ಎಫ್‌ಇಎ ವೆಬ್‌ಸೈಟ್ ನೋಡಿ. ಯಾವುದಕ್ಕೆ ಪುರಾವೆ ಇದೆ, ಯಾವುದಕ್ಕೆ ಇಲ್ಲ ಅಂತ ಬಣ್ಣದ ಗುರುತು ಹಾಕಿ ಪಟ್ಟಿ ಮಾಡಿದ್ದಾರೆ. ಭಾರತದಲ್ಲಿ ಮಾಡಿಸೋರಿಗೂ ಅದು ಉಪಯೋಗಕ್ಕೆ ಬರುತ್ತೆ. ಪ್ರತಿ ರಿಪೋರ್ಟ್, ಭ್ರೂಣದ ವಿವರ, ಔಷಧಿ ಚೀಟಿ ಎಲ್ಲದರ ಪ್ರತಿ ಫೋನಲ್ಲಿ ಇಟ್ಕೊಳ್ಳಿ. ಎರಡು ದೇಶದ ಡಾಕ್ಟರ್‌ಗಳ ಮಧ್ಯೆ ನೀವೇ ಫೈಲು.

ಇನ್ನೊಂದು, ಎಲ್ಲಿಗೆ ನಿಲ್ಲಿಸೋದು ಅಂತ ಶುರುವಲ್ಲೇ ಮಾತಾಡ್ಕೊಳ್ಳಿ. ಅಪ್ಪ ಫೋನ್ ಮಾಡಿ, "ಅರ್ಧ ಎಕರೆ ತೋಟ ಕೊಟ್ಟುಬಿಡ್ತೀನಿ ಕಣೋ, ದುಡ್ಡಿಗೆ ಯೋಚ್ನೆ ಮಾಡ್ಬೇಡ" ಅಂದ್ರು. ನಮ್ಮ ಕಡೆಯವರಿಗೆ ತೆಂಗಿನ ತೋಟ ಅಂದ್ರೆ ಏನು ಅಂತ ಗೊತ್ತಲ್ಲ. ಬೇಡಪ್ಪ ಅಂದೆ. ನಾವಿಬ್ಬರೂ ಒಟ್ಟು 15 ಲಕ್ಷ, ಅವಳಿಗೆ 38 ವರ್ಷ, ಇದರಲ್ಲಿ ಯಾವುದು ಮೊದಲು ಬರುತ್ತೋ ಅಲ್ಲಿಗೆ ನಿಲ್ಲಿಸೋದು ಅಂತ ಬರೆದಿಟ್ಟಿದ್ದೀವಿ. ಸಾಲ ಇಲ್ಲ, ತೋಟ ಮಾರಲ್ಲ. ದತ್ತು ತಗೊಳ್ಳೋ ಮಾತೂ ನಡೀತಿದೆ, ಅದಕ್ಕೂ ದುಡ್ಡು, ಮನಸ್ಸು ಎರಡೂ ಉಳಿದಿರಬೇಕು.

ಕೊನೆಯದಾಗಿ, ಇದನ್ನ ಕೇಳ್ತಿರೋ ಬಂಧುಗಳಿಗೆ, ಸ್ನೇಹಿತರಿಗೆ. ವಿದೇಶದಿಂದ ಬಂದ ದಂಪತಿಯನ್ನ ಹಬ್ಬದ ಊಟದಲ್ಲಿ "ಏನಾದ್ರೂ ವಿಶೇಷ?" ಅಂತ ಕೇಳೋದು ಬಿಡಿ. ಅದರ ಬದಲು ನಿಮ್ಮ ಮನೆಯಲ್ಲಿ ಒಂದು ರೂಮು ಖಾಲಿ ಇದ್ರೆ, "ಎಷ್ಟು ದಿನ ಬೇಕಾದ್ರೂ ಇರಿ, ಫ್ರಿಜ್‌ನಲ್ಲಿ ಇಂಜೆಕ್ಷನ್ ಇಡೋಕೆ ಜಾಗ ಮಾಡಿದ್ದೀನಿ" ಅನ್ನಿ. ನಮ್ಮಕ್ಕ ಅಷ್ಟೇ ಅಂದಿದ್ದು, ಕಾರಣ ಕೇಳಲಿಲ್ಲ. ಬೇರೆ ಯಾವ ಡಿಸ್ಕೌಂಟೂ ನಮಗೆ ಅಷ್ಟು ಉಳಿಸಿಲ್ಲ.